ಬೆನ್ನ ಮೇಲಿನ ಮೆಟ್ಟಿಲು

ನಮ್ಮ ಬೈಂಡಿಂಗ್ ಅಂಗಡಿಗೆ ಬಂದ ಹೊಸದರಲ್ಲಿ ಅವಳು ಬಾಯಿಯನ್ನೇ ಬಿಡುತ್ತಿರಲಿಲ್ಲ. ಅದಕ್ಕೇ ಅಂಟಿನಕ್ಕ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಳು. ಹುಡುಗಿ ತಲೆ ತಗ್ಗಿಸಿ ಹಾಳೆ ಮಡಿಸುತ್ತ ಕೂತಿದ್ದರೆ, "ಏ ರೇಡಿಯೋ, ಸ್ವಲ್ಪ ಸೌಂಡ್ ಕಮ್ಮಿ ಮಾಡೇ, ಕಿವಿ ತೂತು ಬೀಳ್ತಿದೆ" ಎನ್ನುವಳು. ಅಂಟಿನಕ್ಕ ಎಂದರೆ ನಮ್ಮಲ್ಲಿ ಅಂಟು ಕಾಯಿಸಿ ರಟ್ಟಿಗೆ ಹಚ್ಚುವವಳು. ಅವಳು ಹಚ್ಚಿದ ಅಂಟೂ ಬಿಡುವುದಿಲ್ಲ, ಇಟ್ಟ ಹೆಸರೂ ಬಿಡುವುದಿಲ್ಲ. ಹುಡುಗಿಯ ಎಡಗಿವಿ ಸರಿಯಾಗಿ ಕೇಳಿಸುವುದಿಲ್ಲ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ. ಗೊತ್ತಾದ ದಿನ ತನ್ನ ಮಣೆಯನ್ನು ಎತ್ತಿಕೊಂಡು ಬಂದು ಅವಳ ಬಲಗಡೆ ಹಾಕಿಕೊಂಡು ಕೂತಳು. ತಮಾಷೆಯನ್ನೇನೂ ನಿಲ್ಲಿಸಲಿಲ್ಲ. ಕೇಳಿಸುವ ಕಡೆಯಿಂದ ಮಾಡತೊಡಗಿದಳು, ಅಷ್ಟೇ.

ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಬೀದಿಯ ಕಡೆಗೆ ಬಾಗಿಲು, ಬಾಗಿಲ ಅಕ್ಕಪಕ್ಕ ಕಿಟಕಿ. ಆ ಬೆಳಕಿನಲ್ಲಿ ಮಡಿಸುವವರು ಕೂರುತ್ತೇವೆ. ನಡುವೆ ಸುತ್ತ ಓಡಾಡುವಷ್ಟು ಜಾಗ ಬಿಟ್ಟು ಒಂದು ದೊಡ್ಡ ಮೇಜು. ಹಿಂದೆ ಕಟ್ಟಿಂಗ್ ಮಷೀನು, ಅದರ ಪಕ್ಕ ಅಂಟಿನ ಒಲೆ. ಮೂಲೆಯಲ್ಲಿ ಸಾಹುಕಾರರ ಕುರ್ಚಿ. ಅದರ ಮೇಲೆ ಅವರು ಕೂತಿದ್ದಕ್ಕಿಂತ ರಟ್ಟಿನ ಕಟ್ಟು ಕೂತಿದ್ದೇ ಹೆಚ್ಚು. ಅಚ್ಚಿನ ಮನೆಯಿಂದ ಚಾಪೆಯಷ್ಟು ಅಗಲದ ಹಾಳೆಗಳು ಬರುತ್ತವೆ. ಒಂದೊಂದರಲ್ಲೂ ಹಲವು ಪುಟ. ಅದನ್ನು ಮಡಿಸಿ ಮಡಿಸಿ ಪುಸ್ತಕದ ಅಳತೆಗೆ ತಂದರೆ ಅದಕ್ಕೆ ಫಾರಂ ಎನ್ನುತ್ತೇವೆ. ಫಾರಂಗಳನ್ನು ಸಾಲಾಗಿ ಜೋಡಿಸಿ, ಬೆನ್ನಿಗೆ ಹೊಲಿಗೆ ಹಾಕಿ, ರಟ್ಟು ಅಂಟಿಸಿದರೆ ಪುಸ್ತಕ. ಜೋಡಿಸುವುದೂ ಹೊಲಿಯುವುದೂ ನನ್ನ ಕೆಲಸ. ನಮ್ಮವರು ತೀರಿಕೊಂಡ ಮೇಲೆ ಅವರು ಕೂರುತ್ತಿದ್ದ ಜಾಗದಲ್ಲಿ ನಾನು ಕೂತೆ. ಅವರ ದಬ್ಬಳವೇ ಇವತ್ತಿಗೂ ನನ್ನ ಕೈಯಲ್ಲಿದೆ.

ರೇಡಿಯೋ ನಮ್ಮ ಓಣಿಯ ಹುಡುಗಿ. ಓಣಿಯ ಕೊನೆಯಲ್ಲಿ, ನಲ್ಲಿಯ ಪಕ್ಕದ ಮನೆ ಅವಳ ಅಣ್ಣನದು. ತಂದೆತಾಯಿ ಒಬ್ಬರ ಹಿಂದೆ ಒಬ್ಬರು ಹೋದರು, ಅಣ್ಣನೇ ಸಾಕಿದ. ಅವನು ಕಿಟಕಿಗೆ ಗಾಜು ಕೂರಿಸುವವನು. ಕೆಲಸಗಾರ ಎಂದರೆ ಕೆಲಸಗಾರ. ನನ್ನ ಕೋಣೆಯ ಕಿಟಕಿಗೂ ಅವನೇ ಗಾಜು ಹಾಕಿಕೊಟ್ಟಿದ್ದಾನೆ, ಇವತ್ತಿನವರೆಗೆ ಒಂದು ಗೀರು ಬಿದ್ದಿಲ್ಲ. ಗಾಜಿನ ಮೇಲೆ ಆ ಕೈ ಎಷ್ಟು ಹಗುರವೋ, ತಂಗಿಯ ಮೇಲೆ ಅಷ್ಟೇ ಭಾರ. ಒಂಬತ್ತನೇ ಕ್ಲಾಸ್ ಮುಗಿಯುತ್ತಲೇ ಶಾಲೆ ಬಿಡಿಸಿದ. ಪುಸ್ತಕ ಹಿಡಿದು ಕೂತರೆ ಹೊಡೆತ, ಪುಸ್ತಕ ಬಚ್ಚಿಟ್ಟರೆ ಅದಕ್ಕೂ ಹೊಡೆತ. ಓಣಿಯವರೆಲ್ಲ ಕೇಳಿಸಿಕೊಂಡವರೇ. ಒಂದು ಸಂಜೆ ಅವಳು ನನ್ನ ಬಾಗಿಲ ಮುಂದೆ ನಿಂತಿದ್ದಳು. ತಟ್ಟಿರಲಿಲ್ಲ, ಕರೆದಿರಲಿಲ್ಲ. ಕಸ ಹಾಕಲು ಬಾಗಿಲು ತೆಗೆದಾಗ ಕಂಡಳು. ಎಡಗಿವಿಯಿಂದ ರಕ್ತ ಇಳಿದು ರವಿಕೆಯ ಹೆಗಲು ನೆನೆದಿತ್ತು. "ಬಾ" ಎಂದೆ. ಬಂದಳು.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆಮೇಲೆ ಅವಳ ಅಣ್ಣನ ಮನೆಗೂ ಹೋದೆ. "ನಂಗೂ ವಯಸ್ಸಾಯ್ತಪ್ಪ, ಕೈಗೊಬ್ಬರು ಕಾಲಿಗೊಬ್ಬರು ಬೇಕು. ಹುಡುಗಿ ನನ್ನ ಹತ್ರ ಇರ್ಲಿ" ಎಂದೆ. ಅವನು ಗೋಡೆ ನೋಡುತ್ತ ತಲೆಯಾಡಿಸಿದ. ಅವಳಿಗೆ ನನ್ನ ಜೊತೆ ಅಂಗಡಿಯಲ್ಲಿ ಮಡಿಸುವ ಕೆಲಸ ಸಿಕ್ಕಿತು. ಹಿಂದಿನ ಬೀದಿಯ ಶಾಲೆಯಲ್ಲಿ ಸಂಜೆ ಹೊತ್ತು, ಓದು ಬಿಟ್ಟವರಿಗೆ ಪಾಠ ಹೇಳಿಕೊಡುತ್ತಿದ್ದರು. ಅಲ್ಲಿ ಕೂತರೆ ಹತ್ತನೇ ಕ್ಲಾಸ್ ಪರೀಕ್ಷೆ ಕಟ್ಟಬಹುದು. ಅವಳು ಬಾಯಿಬಿಟ್ಟು ನನ್ನನ್ನು ಕೇಳಿದ್ದು ಅದೊಂದನ್ನೇ. ಹೋಗು ಎಂದೆ.

ಮಡಿಸುತ್ತ ಮಡಿಸುತ್ತ ಅವಳ ಕೈ ನಿಂತುಬಿಡುವುದನ್ನು ಮೊದಲು ಕಂಡವರು ಸಾಹುಕಾರರು. "ಏನಮ್ಮ, ಮಡಿಸೋಕೆ ಕೊಟ್ಟಿದ್ದು, ಓದೋಕಲ್ಲ" ಎಂದರು. ಅಂಟಿನಕ್ಕ ಒಲೆಯ ಕಡೆಯಿಂದಲೇ, "ಒಬ್ಬಳೇ ಯಾಕೆ ನುಂಗ್ತೀಯೇ? ಜೋರಾಗಿ ಓದು, ನಮ್ ಕಿವಿಗೂ ಒಂದಿಷ್ಟು ಬೀಳಲಿ. ಅವಳ ಪಾಲಿನ ಹಾಳೆ ನಾವು ಮಡಿಸ್ತೀವಿ ಬಿಡಿ ಸಾಹುಕಾರ್ರೇ" ಎಂದಳು. ಹುಡುಗಿ ಓದಿದಳು. ಅಯ್ಯೋ, ಏನು ಗಂಟಲು! ತನ್ನ ಕಿವಿಗೆ ತನ್ನ ದನಿ ಸಾಲದೆ ಕಟ್ಟಿಂಗ್ ಮಷೀನಿನ ಸದ್ದನ್ನೂ ಮೀರಿಸಿ ಓದುವಳು. ಎದುರಿನ ಸೈಕಲ್ ರಿಪೇರಿಯವನು ಚಕ್ರ ಬಿಟ್ಟು ಎದ್ದು ನಿಂತ. ಅಲ್ಲಿಂದ ಮುಂದೆ ಅವಳು ನಿಜವಾದ ರೇಡಿಯೋ. ಲೆಕ್ಕದ ಪುಸ್ತಕ, ಕೋಳಿ ಸಾಕಣೆ, ಕಾನೂನು, ಬಂದದ್ದನ್ನೆಲ್ಲ ಕೇಳಿದೆವು. ಕೋಳಿಯ ರೋಗಗಳನ್ನು ಕೇಳಿದ ಮೇಲೆ ಅಂಟಿನಕ್ಕ ಎಷ್ಟೋ ದಿನ ಮೊಟ್ಟೆ ಮುಟ್ಟಲಿಲ್ಲ.

ಒಂದು ಸಲ ಒಂದು ಕಾದಂಬರಿ ಬಂತು. ಒಂದೇ ಸಲಕ್ಕೆ ಬರಲಿಲ್ಲ; ಅಚ್ಚಾದ ಹಾಗೆ ಕಂತು ಕಂತಾಗಿ ಬಂತು. ಮೊದಲು ಬಂದ ಕಟ್ಟನ್ನು ಮೊದಲು ಮಡಿಸಿದೆವು, ರೇಡಿಯೋ ಅದನ್ನೇ ಮೊದಲು ಓದಿದಳು. ಒಬ್ಬ ಹುಡುಗಿ ಬಸ್ಸಿನಿಂದ ಇಳಿಯುತ್ತಾಳೆ. ಗೊತ್ತಿಲ್ಲದ ಊರು. ಚಿಕ್ಕಮ್ಮನ ಮನೆಯಲ್ಲಿದ್ದು ಶಾಲೆ ಸೇರಬೇಕು. ಚಿಕ್ಕಮ್ಮ ಒಳ್ಳೆಯವಳು, ಆದರೆ ಶಾಲೆಯವರು ವಯಸ್ಸು ಮೀರಿತು ಎನ್ನುತ್ತಾರೆ, ಹಳೆಯ ಶಾಲೆಯ ಪತ್ರ ಕೇಳುತ್ತಾರೆ, ನಾಳೆ ಬಾ ಎನ್ನುತ್ತಾರೆ. ಯಾರಾದರೂ ದಿಟ್ಟಿಸಿ ನೋಡಿದರೆ ಆ ಹುಡುಗಿ ಬಲಗೈಯ ತೋಳನ್ನು ಕೆಳಗೆ ಎಳೆದುಕೊಳ್ಳುತ್ತಾಳೆ. ಮಣಿಕಟ್ಟಿನ ಮೇಲೆ ಸುಟ್ಟ ಕಲೆ. ಕೊನೆಗೂ ಅವಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸುತ್ತಾರೆ. ಟೀಚರ್ ಬಂದು, ನಿನ್ನ ಹೆಸರೇನು ಎಂದು ಕೇಳುತ್ತಾರೆ. ಹುಡುಗಿ ಎದ್ದು ನಿಂತು ಬಾಯಿ ತೆರೆಯುತ್ತಾಳೆ. ಅಲ್ಲಿಗೆ ಆ ಕಟ್ಟು ಮುಗಿಯಿತು.

ಆಮೇಲೆ ಬಂದ ಕಟ್ಟಿನಲ್ಲಿ ಪುಟದ ಸಂಖ್ಯೆ ಮತ್ತೆ ಒಂದರಿಂದಲೇ ಶುರುವಾಗಿತ್ತು. ಎರಡು ಭಾಗದ ಪುಸ್ತಕಗಳಲ್ಲಿ ಹೀಗೆ ಮಾಡುವುದುಂಟು. ಇದು ಎರಡನೆಯ ಭಾಗ ಎಂದುಕೊಂಡೆವು. ಹೆಸರು, ಪರಿವಿಡಿ ಇರುವ ಶುರುವಿನ ಹಾಳೆ ಯಾವಾಗಲೂ ಎಲ್ಲಕ್ಕಿಂತ ಕೊನೆಗೆ ಅಚ್ಚಾಗುತ್ತದೆ, ಅದು ಬಂದಿರಲಿಲ್ಲ. ರೇಡಿಯೋ ಮೊದಲ ಸಾಲು ಓದಿದಳು: ಅಪ್ಪ ಬಾಗಿಲಿಗೆ ಬೀಗ ಹಾಕಿದ.

"ಅಯ್ಯೋ, ಎಳ್ಕೊಂಡ್ ಬಂದ್ರಾ!" ಎಂದಳು ಅಂಟಿನಕ್ಕ. ಬ್ರಷ್ಷಿನಿಂದ ಅಂಟು ತೊಟ್ಟಿಕ್ಕಿ ಸೀರೆಯ ಮೇಲೆ ಬಿತ್ತು. "ಹೆಸರಾದ್ರೂ ಹೇಳೋಕೆ ಬಿಡ್ಬಾರ್ದಿತ್ತಾ ಹಾಳಾದೋರು!"

ಆ ಭಾಗವೆಲ್ಲ ಅಪ್ಪನ ಮನೆ, ಬೀಗ, ಹೊಡೆತ. ಕೇಳುತ್ತ ಕೇಳುತ್ತ ನಮ್ಮ ಕೈ ನಿಧಾನವಾಯಿತು. ಓದುವವಳ ದನಿ ಮಾತ್ರ ಏರಲೂ ಇಲ್ಲ, ಇಳಿಯಲೂ ಇಲ್ಲ. ಸಂಜೆ ಶಾಲೆಯಲ್ಲಿ ಕಥೆಯನ್ನು ಹೇಗೆ ಓದಬೇಕು ಎಂದು ಪಾಠ ನಡೆಯುತ್ತಿದ್ದ ಕಾಲ ಅದು. ಪರೀಕ್ಷೆಗೂ ಅದು ಬರುವುದಿತ್ತು. ಅವಳು ಕಲಿತದ್ದನ್ನು ನಮಗೂ ಹೇಳುವಳು. ಈ ಕಾದಂಬರಿಯಲ್ಲಿ 'ನಾನು' ಎಂದು ಕಥೆ ಹೇಳುವ ಹುಡುಗಿ ಅದನ್ನು ಬರೆದವಳಲ್ಲ, ಅವಳಿಗೆ ನಿರೂಪಕಿ ಎನ್ನುತ್ತಾರೆ ಎಂದಳು.

"ಹಂಗಾದ್ರೆ ಬರೆದೋಳಿಗೆ ಏಟು ಬಿದ್ದಿಲ್ವಾ?" ಎಂದು ಅಂಟಿನಕ್ಕ ಕೇಳಿದಳು.

"ಗೊತ್ತಿಲ್ಲ ಅಕ್ಕ. ಬಿದ್ದಿರ್ಲೇಬೇಕು ಅಂತೇನಿಲ್ಲ."

"ಬೀಳದೆ ಇಷ್ಟು ಸರಿಯಾಗಿ ಹೆಂಗೆ ಬರೀತಾಳೆ?"

"ಪಕ್ಕದ ಮನೇಲಿ ಇದ್ದಿರ್ಬೇಕು" ಎಂದಳು ರೇಡಿಯೋ. ಅವಳು ಸಹಜವಾಗಿ ಹೇಳಿದಳು. ನಾನು ದಾರಕ್ಕೆ ಮೇಣ ತಿಕ್ಕುತ್ತ ಕೂತೆ.

ಇನ್ನೊಂದು ದಿನ ಸಂಕೇತದ ಪಾಠ. ಕಥೆಯಲ್ಲಿ ಮತ್ತೆ ಮತ್ತೆ ಬರುವ ವಸ್ತು ಸುಮ್ಮನೆ ಬಂದಿರುವುದಿಲ್ಲ, ಬೀಗ ಬರೀ ಬೀಗವಲ್ಲ ಎಂದಳು. ಅಂಟಿನಕ್ಕನಿಗೆ ಇದು ಬಹಳ ಹಿಡಿಸಿತು. "ಹಂಗಾದ್ರೆ ಈ ಅಂಟಿನ ಬಕೆಟ್ಟು ಯಾವುದರ ಸಂಕೇತ ಹೇಳೇ."

"ಅದನ್ನ ತೊಳೆದು ಎಷ್ಟು ದಿನ ಆಯ್ತು ಅಂತ ಮೊದಲು ಹೇಳಿ ಅಕ್ಕ, ಆಮೇಲೆ ಸಂಕೇತ ಹೇಳ್ತೀನಿ" ಎಂದಳು ರೇಡಿಯೋ. ಸಾಹುಕಾರರು ರಟ್ಟಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕರು.

ಆ ಭಾಗದ ನಡುವಿನಲ್ಲಿ ಒಂದು ಕಡೆ, ಹುಡುಗಿ ಇಸ್ತ್ರಿ ಮಾಡುತ್ತ ಮಾಡುತ್ತ ಓದಲು ಹೋಗಿ ಅಪ್ಪನ ಅಂಗಿ ಸುಡುತ್ತಾಳೆ. ಅಪ್ಪ ಅದೇ ಇಸ್ತ್ರಿ ಪೆಟ್ಟಿಗೆಯನ್ನು ಅವಳ ಕೈಗೆ ಒತ್ತುತ್ತಾನೆ. ಬಲಗೈ, ಮಣಿಕಟ್ಟಿನ ಮೇಲೆ. ಮಡಿಸುವ ಕೈಗಳೆಲ್ಲ ನಿಂತವು. ಆದರೆ ನನಗೆ ಒಂದು ಮಾತು ಮುಳ್ಳಿನ ಹಾಗೆ ಚುಚ್ಚಿತು.

"ತಡಿಯೇ. ಆ ಕಲೆ ಆವಾಗ್ಲೇ ಇತ್ತಲ್ಲ. ಬಸ್ ಇಳಿಯೋವಾಗ ತೋಳು ಎಳ್ಕೊಂಡ್ಲಲ್ಲ. ಅದೇ ಕೈ, ಅದೇ ಜಾಗ."

"ಮತ್ತೆ ಸುಟ್ಟಿರ್ಬೇಕು ಅಜ್ಜಿ."

"ಅದೇ ಜಾಗಕ್ಕಾ?"

"ಹೊಡೆಯೋರು ಒಂದೇ ಸಲಕ್ಕೆ ಬಿಡ್ತಾರಾ?" ಎಂದು ಅವಳು ಪುಟ ತಿರುಗಿಸಿದಳು.

ಕಥೆ ಅಲ್ಲಿಯವರೆಗೆ ಬಂದು ನಿಂತಿತು. ಉಳಿದ ಹಾಳೆ ಅಚ್ಚಿನ ಮನೆಯಲ್ಲೇ ಇತ್ತು. ಸರಿಯಾಗಿ ಅದೇ ಹೊತ್ತಿಗೆ ಅವಳ ಅಣ್ಣ ಬಂದ. ಮಧ್ಯಾಹ್ನ ಊಟದ ಬಿಡುವು. ಕೈಯಲ್ಲಿ ಹೊಸ ಬಟ್ಟೆಯ ಪೊಟ್ಟಣ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನನಗೆ ನಮಸ್ಕಾರ ಮಾಡಿ, ತಂಗಿಯ ಎದುರು ಕೂತ. ಮಾತು ಬೆಣ್ಣೆ.

"ಅತ್ತಿಗೆಗೆ ದಿನ ತುಂಬ್ತಾ ಬಂತು ಕಣೇ. ಬಗ್ಗೋಕಾಗಲ್ಲ, ಏಳೋಕಾಗಲ್ಲ. ನೀನಿಲ್ದೆ ಮನೆ ಮನೆಯಾಗಿಲ್ಲ. ಮಗು ಆಗ್ಲಿ, ಒಂದಿಷ್ಟು ದೊಡ್ಡದಾಗ್ಲಿ. ಆಮೇಲೆ ಓದ್ಕೋ, ಯಾರು ಬೇಡ ಅಂದ್ರು?"

"ಪರೀಕ್ಷೆ ಇದೆ ಅಣ್ಣ."

"ಪರೀಕ್ಷೆ ಎಲ್ಲಿಗೆ ಓಡಿಹೋಗುತ್ತೆ? ಪ್ರತಿ ವರ್ಷ ಬರುತ್ತೆ." ಅವನು ಎದ್ದ. "ಶನಿವಾರ ಸಂಜೆ ಬರ್ತೀನಿ. ಬಟ್ಟೆಬರೆ ಕಟ್ಕೊಂಡಿರು."

ಅವಳು ಹೂಂ ಎಂದಳು.

ಕೋಣೆಗೆ ಬಂದ ಮೇಲೆ, ಕೈಕಾಲು ತೊಳೆದು ಕೂತಾಗ ಕೇಳಿದೆ. "ನಿಂಗೆ ಹೋಗ್ಬೇಕು ಅಂತ ಇದ್ಯಾ?"

"ಇಲ್ಲ ಅಜ್ಜಿ."

"ಮತ್ತೆ ಹೂಂ ಅಂದೆ?"

ಅವಳು ನನ್ನ ಕಡೆಗೆ ಬಲಗಿವಿ ತಿರುಗಿಸಿ ಕೂತಿದ್ದಳು. "ಎಲ್ಲಿಗೆ ಹೋದ್ರೂ ಎಳ್ಕೊಂಡ್ ಬರ್ತಾರಜ್ಜಿ. ಆ ಹುಡುಗಿ ಬಸ್ ಹತ್ತಿ ಬೇರೆ ಊರಿಗೇ ಹೋಗಿದ್ಲು. ಶಾಲೇಲಿ ಕೂತೂ ಆಗಿತ್ತು. ಏನಾಯ್ತು? ನಾನು ಇರೋದು ಇದೇ ಓಣೀಲಿ. ಈಗಲೇ ನಾನಾಗಿ ಹೋದ್ರೆ ಏಟಾದ್ರೂ ಕಮ್ಮಿ ಬೀಳುತ್ತೆ."

"ಅದು ಕಥೆ ಕಣೇ."

"ಬರೆದೋರಿಗೆ ಗೊತ್ತಿರುತ್ತೆ ಅಜ್ಜಿ. ಗೊತ್ತಿಲ್ದೆ ಬರೀತಾರಾ?"

ಹೋಗಬೇಡ ಎಂದು ಗದರಿಸಬಹುದಿತ್ತು. ಆದರೆ ಹುಟ್ಟಿದಾಗಿನಿಂದ ಅವಳಿಗೆ ಹೋಗು, ಬಾ, ಕೂರು, ಏಳು ಎಂದು ಇನ್ನೊಬ್ಬರೇ ಹೇಳಿದ್ದಾರೆ. ಅವರ ಸಾಲಿಗೆ ನಾನೂ ಸೇರುವುದು ಬೇಡ ಎನಿಸಿತು. ಶನಿವಾರ ಬೆಳಿಗ್ಗೆ ಅವಳು ತನ್ನ ಬಟ್ಟೆಯ ಗಂಟು ಕಟ್ಟಿ ಅಂಗಡಿಗೇ ತಂದು ಬಾಗಿಲ ಹಿಂದೆ ಇಟ್ಟಳು. ಹತ್ತನೇ ಕ್ಲಾಸಿನ ಪುಸ್ತಕಗಳನ್ನು ನನ್ನ ಕೋಣೆಯ ಗೂಡಿನಲ್ಲೇ ಬಿಟ್ಟಿದ್ದಳು.

ಕಥೆಯ ಉಳಿದ ಹಾಳೆಗಳು ಅವತ್ತೇ ಬಂದವು; ಹೆಸರಿನ ಹಾಳೆ ಮಾತ್ರ ಇನ್ನೂ ಇರಲಿಲ್ಲ, ಅದನ್ನು ಕೊನೆಗೆ ಮುಂದೆ ಅಂಟಿಸುವುದು. ಸಾಹುಕಾರರಿಗೆ ಅವಸರ. "ಮಡಿಸಿ, ಜೋಡಿಸಿ, ಇವತ್ತೇ ಹೊಲಿಗೆ ಶುರುವಾಗ್ಬೇಕು. ಓದು ಗೀದು ಏನೂ ಬೇಡ" ಎಂದರು. ಸರಸರನೆ ಮಡಿಸಿದೆವು. ನಾನು ಫಾರಂಗಳನ್ನು ಮೇಜಿನ ಸುತ್ತ ರಾಶಿ ರಾಶಿಯಾಗಿ ಹಾಕಿದೆ: ನಾವು ಕೇಳಿದ ಕ್ರಮದಲ್ಲೇ ಬಸ್ಸಿನ ಕಟ್ಟು ಮೊದಲು, ಬೀಗದ ಕಟ್ಟು ಆಮೇಲೆ, ಅದರ ಕೊನೆಗೆ ಅವತ್ತು ಬಂದದ್ದು. ಜೋಡಿಸುವುದೆಂದರೆ ಮೇಜನ್ನು ಸುತ್ತುತ್ತ ಪ್ರತಿ ರಾಶಿಯಿಂದ ಒಂದೊಂದು ಫಾರಂ ಎತ್ತಿ ಒಂದರ ಮೇಲೊಂದು ಇಟ್ಟುಕೊಳ್ಳುತ್ತ ಹೋಗುವುದು. ಒಂದು ಸುತ್ತು ಬಂದರೆ ಒಂದು ಪುಸ್ತಕ.

ಒಂದು ಸುತ್ತು ಬಂದು, ಕಟ್ಟನ್ನು ಮೇಜಿಗೆ ಕುಟ್ಟಿ ಸಮ ಮಾಡಿ, ಬೆನ್ನು ನೋಡಿದೆ. ಬೆನ್ನು ನೋಡದೆ ನಾನು ಯಾವ ಪುಸ್ತಕಕ್ಕೂ ದಬ್ಬಳ ಹಾಕುವುದಿಲ್ಲ. ನಮ್ಮವರು ಹಾಕಿಕೊಟ್ಟ ರೂಢಿ. ಪ್ರತಿ ಫಾರಂನ ಬೆನ್ನಿನ ಮಡಿಕೆಯಲ್ಲಿ ಅಚ್ಚಿನವರು ಒಂದು ಚಿಕ್ಕ ಕಪ್ಪು ಗುರುತು ಹಾಕಿರುತ್ತಾರೆ. ಮೊದಲ ಫಾರಂಗೆ ಎಲ್ಲಕ್ಕಿಂತ ಮೇಲೆ, ಎರಡನೆಯದಕ್ಕೆ ಅದಕ್ಕಿಂತ ಒಂದು ಕೂದಲು ಕೆಳಗೆ, ಮೂರನೆಯದಕ್ಕೆ ಇನ್ನೂ ಕೆಳಗೆ. ಸರಿಯಾಗಿ ಜೋಡಿಸಿದರೆ ಆ ಗುರುತುಗಳು ಬೆನ್ನಿನುದ್ದಕ್ಕೂ ಮೆಟ್ಟಿಲಿನ ಹಾಗೆ ಇಳಿಯುತ್ತವೆ. ಒಂದು ಫಾರಂ ಆಚೀಚೆಯಾದರೂ ಮೆಟ್ಟಿಲು ಮುರಿಯುತ್ತದೆ. ಅಕ್ಷರ ಕೂಡಿಸಿ ಓದಲು ನನಗೆ ಹೊತ್ತು ಹಿಡಿಯುತ್ತದೆ, ಮೆಟ್ಟಿಲು ನೋಡಲು ಹಿಡಿಯುವುದಿಲ್ಲ.

ಅವತ್ತು ಮೆಟ್ಟಿಲು ನಡುವಿನಿಂದ ಶುರುವಾಗಿ ಕೆಳಗಿನವರೆಗೆ ಇಳಿದು, ಅಲ್ಲಿಂದ ತುದಿಗೆ ಹಾರಿ, ಮತ್ತೆ ನಡುವಿನವರೆಗೆ ಇಳಿದಿತ್ತು.

ಬಿಡಿಸಿದೆ. ಬೀಗದ ಕಟ್ಟನ್ನು ಮೊದಲು ಇಟ್ಟು, ಬಸ್ಸಿನ ಕಟ್ಟನ್ನು ಅದರ ಕೆಳಗೆ ಸೇರಿಸಿದೆ. ಕುಟ್ಟಿ ನೋಡಿದೆ. ತುದಿಯಿಂದ ಬುಡದವರೆಗೆ ಒಂದು ಮೆಟ್ಟಿಲೂ ತಪ್ಪದೆ ಇಳಿಯಿತು. ಅಚ್ಚಿನವರು ಎರಡನೆಯ ಭಾಗವನ್ನೇ ಮೊದಲು ಅಚ್ಚು ಹಾಕಿ ಕಳಿಸಿದ್ದರು.

"ರೇಡಿಯೋ, ಬಾ ಇಲ್ಲಿ."

ಬಂದಳು. ಮುಖ ಬಾಡಿತ್ತು. ಕಟ್ಟನ್ನು ಅವಳ ಕೈಗೆ ಕೊಟ್ಟೆ. "ಬೆನ್ನು ನೋಡು."

ನೋಡಿದಳು. ಬೆರಳಿನಿಂದ ಮೆಟ್ಟಿಲನ್ನು ಮೇಲಿನಿಂದ ಕೆಳಗೆ ಮುಟ್ಟುತ್ತ ಹೋದಳು. ನಡುವೆ, ಒಂದು ಕಟ್ಟು ಮುಗಿದು ಇನ್ನೊಂದು ಶುರುವಾಗುವ ಕಡೆ, ಬೆರಳು ನಿಂತಿತು. ಕಟ್ಟನ್ನು ಅಲ್ಲಿಗೇ ತೆರೆದು, ಬೆಳಿಗ್ಗೆ ಬಂದ ಹಾಳೆಯ ಕೊನೆಯ ಪುಟವನ್ನು ಮನಸ್ಸಿನಲ್ಲೇ ಓದಿಕೊಂಡಳು.

"ಏನಂತೆ?" ಎಂದಳು ಅಂಟಿನಕ್ಕ. "ಹೊಟ್ಟೆ ಉರಿಸ್ಬೇಡ, ಜೋರಾಗಿ ಓದು."

ಓದಿದಳು. ಇನ್ನೂ ಬೆಳಕು ಹರಿದಿಲ್ಲ. ಹುಡುಗಿ ಹಿತ್ತಿಲ ಬಾಗಿಲಿನಿಂದ ಹೊರಗೆ ಬರುತ್ತಾಳೆ. ಸುಟ್ಟ ಕೈ ಉರಿಯುತ್ತಿದೆ. ಚಿಕ್ಕಮ್ಮನ ಊರಿನ ಬಸ್ಸು ಬರುತ್ತದೆ. ಹತ್ತುವ ಮುಂಚೆ, ಕಂಡಕ್ಟರ್ ನೋಡದಿರಲಿ ಎಂದು ತೋಳನ್ನು ಕೆಳಗೆ ಎಳೆದುಕೊಳ್ಳುತ್ತಾಳೆ.

ಎದುರು ಪುಟ ನಮಗೆ ಬಾಯಿಪಾಠ. ಹುಡುಗಿ ಬಸ್ಸಿನಿಂದ ಇಳಿಯುತ್ತಾಳೆ.

"ಅಜ್ಜಿ," ಎಂದಳು ರೇಡಿಯೋ, "ಒಂದೇ ಸಲ ಸುಟ್ಟಿದ್ದು."

"ಹೂಂ. ಒಂದೇ ಸಲ."

ಅಂಟಿನಕ್ಕನಿಗೆ ತಲೆಗೆ ಹತ್ತಲು ತುಸು ಹೊತ್ತು ಹಿಡಿಯಿತು. "ಹಂಗಾದ್ರೆ ಎಳ್ಕೊಂಡ್ ಬರ್ಲೇ ಇಲ್ವಾ? ಶಾಲೇನೇ ಕೊನೇನಾ? ಮದುವೆ ಗಿದುವೆ ಏನೂ ಇಲ್ಲ, ಬರೀ ಹೆಸರು ಕೇಳೋದ್ರಲ್ಲೇ ಮುಗೀತಾ? ಇಷ್ಟೇನಾ?"

"ಇಷ್ಟೇ ಅಕ್ಕ. ಸಾಕು" ಎಂದಳು ರೇಡಿಯೋ. ಆಮೇಲೆ ನನ್ನ ಜೊತೆ ಮೇಜು ಸುತ್ತಲು ನಿಂತಳು. ಅವತ್ತಿನ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಅವಳೇ ಜೋಡಿಸಿದ್ದು. ಪ್ರತಿಯೊಂದನ್ನೂ ಕುಟ್ಟಿ, ಬೆನ್ನು ನೋಡಿ ಇಡುವಳು. ನಡುವೆ ಯಾವಾಗಲೋ ಹೋಗಿ ಬಾಗಿಲ ಹಿಂದಿನ ಗಂಟನ್ನು ತೆಗೆದು ನನ್ನ ಮಣೆಯ ಪಕ್ಕಕ್ಕೆ ಇಟ್ಟಿದ್ದಳು. ನಾನು ಕಂಡೂ ಕಾಣದವಳ ಹಾಗೆ ಇದ್ದೆ.

ಸಂಜೆ ಅಣ್ಣ ಬಂದ. "ನಡಿ, ಹೊತ್ತಾಯ್ತು. ಗಂಟು ಎಲ್ಲಿ?"

"ನಾನು ಬರಲ್ಲ ಅಣ್ಣ." ದನಿ ಏಳಲಿಲ್ಲ.

"ಏನಂದೆ?"

"ಬರಲ್ಲ!" ಈ ಸಲ ಓದುವ ದನಿ ಬಂತು. ಸೈಕಲ್ ರಿಪೇರಿಯವನು ಎದ್ದು ನಿಂತ. "ಅತ್ತಿಗೆಗೆ ಕೈಲಾಗಲ್ಲ ಅಂದ್ಯಲ್ಲ, ಭಾನುವಾರ ಬರ್ತೀನಿ. ಬಟ್ಟೆ ಒಗೆದುಕೊಡ್ತೀನಿ, ನೀರು ತುಂಬಿಸ್ತೀನಿ. ಅಜ್ಜಿ ಜೊತೆ ಬಂದು ಅಜ್ಜಿ ಜೊತೆ ವಾಪಸ್ ಬರ್ತೀನಿ. ಇರೋಕೆ ಬರಲ್ಲ. ನಂಗೆ ಪರೀಕ್ಷೆ ಇದೆ."

ಅವನ ಕಣ್ಣು ಕೆಂಪಾಯಿತು. ಒಂದು ಹೆಜ್ಜೆ ಒಳಗೆ ಇಟ್ಟ. "ಯಾರು ತಲೆ ಕೆಡಿಸಿದ್ದು ನಿಂದು?" ಎಂದು ನನ್ನ ಕಡೆ ನೋಡಿದ.

"ಯಾರೂ ಇಲ್ಲ. ನಾನೇ ಹಿಂದುಮುಂದಾಗಿ ಓದಿದ್ದೆ. ಈಗ ಸರಿಯಾಯ್ತು."

ಅವನಿಗೆ ತಲೆಬುಡ ತಿಳಿಯಲಿಲ್ಲ. ಕೈ ಮೇಲೆ ಬಂತು. ಅದು ಬರುವುದು ನನಗೆ ಕಂಡಿತು. ನಾನು ಎದ್ದು ಅವಳ ಪಕ್ಕ ನಿಂತೆ. ಕಟ್ಟಿಂಗ್ ಮಷೀನು ನಿಂತಿತು. ಸಾಹುಕಾರರು ಕುರ್ಚಿಯ ಮೇಲಿನ ರಟ್ಟನ್ನು ಕೆಳಗಿಟ್ಟರು. ಅಂಟಿನಕ್ಕ ಒಲೆಯ ಮೇಲಿನ ಬಕೆಟ್ಟನ್ನು ಬಟ್ಟೆಯಿಂದ ಹಿಡಿದೆತ್ತಿ, ಹೊಗೆಯಾಡುತ್ತಿದ್ದ ಹಾಗೆಯೇ ತಂದಳು.

"ದಾರೀಲಿ ನಿಂತ್ಕೋಬೇಡಪ್ಪ," ಎಂದಳು ಬಹಳ ಮರ್ಯಾದೆಯಿಂದ, "ಅಂಟು ಬಿಸಿ ಇದೆ."

ಅವನ ಕೈ ಇಳಿಯಿತು. ಚಪ್ಪಲಿ ಮೆಟ್ಟಿ ಹೋದ. ಹೋದ ಮೇಲೆ ನಾನು ಹುಡುಗಿಯನ್ನು ಕೂರಿಸಿ ನೀರು ಕೊಟ್ಟೆ. ಅಂಟಿನಕ್ಕ ಅವಳ ಬಲಗಡೆ ಕೂತು, "ಈಗ ಹೇಳೇ, ಈ ಬಕೆಟ್ಟು ಯಾವುದರ ಸಂಕೇತ?" ಎಂದಳು. ಹುಡುಗಿ ಅಳುತ್ತಲೇ ನಕ್ಕಳು.

ಭಾನುವಾರ ಹೇಳಿದ ಹಾಗೆಯೇ ಹೋದೆವು. ನಾನು ಬಾಗಿಲಲ್ಲಿ ಕೂತೆ, ಅವಳು ಬಟ್ಟೆ ಒಗೆದಳು. ಅಣ್ಣ ಹೊರಗೆ ಹೋಗಿಬಿಟ್ಟಿದ್ದ. ಅತ್ತಿಗೆ ನನಗೆ ಕುಡಿಯಲು ಕೊಟ್ಟು, ಮೆಲ್ಲಗೆ, "ಓದ್ಲಿ ಬಿಡಿ ಅಜ್ಜಿ" ಎಂದಳು. ಮಗು ಹುಟ್ಟುವವರೆಗೂ ಹಾಗೆ ಹೋಗಿಬಂದೆವು. ಅಣ್ಣ ಇವತ್ತಿಗೂ ಅವಳ ಜೊತೆ ಮಾತಾಡುವುದಿಲ್ಲ, ಕೈಯನ್ನೂ ಎತ್ತಿಲ್ಲ.

ಆ ವರ್ಷ ಗಣಿತ ಹೋಯಿತು. ಮತ್ತೆ ಕಟ್ಟಿದಳು, ಪಾಸಾಯಿತು. ಹನ್ನೆರಡನೇ ಕ್ಲಾಸನ್ನೂ ಹಗಲು ಹಾಳೆ ಮಡಿಸುತ್ತಲೇ ಮುಗಿಸಿದಳು. ಆಮೇಲೆ ಔಷಧಿಯ ಕೋರ್ಸು ಮಾಡಿದಳು, ಈಗ ಔಷಧಿ ಅಂಗಡಿಯಲ್ಲಿ ಕೆಲಸ. ಡಾಕ್ಟರ ಬರಹ ಅವಳೊಬ್ಬಳಿಗೇ ಓದಲು ಬರುವುದು ಎಂದು ಅಂಟಿನಕ್ಕ ಬೀದಿಯಲ್ಲೆಲ್ಲ ಸಾರುತ್ತಾಳೆ. ಮಂಡಿನೋವಿನ ಮಾತ್ರೆಗೆ ನಾನು ಹೋದರೆ, "ಊಟ ಆದ ಮೇಲೆ ಅಜ್ಜೀ!" ಎಂದು ಆಚೆ ಅಂಗಡಿಯವರಿಗೂ ಕೇಳಿಸುವ ಹಾಗೆ ಹೇಳುತ್ತಾಳೆ. ನನ್ನ ಮಂಡಿಯ ಸಮಾಚಾರ ಊರಿಗೆಲ್ಲ ಗೊತ್ತು.

ಔಷಧಿಯ ಕೋರ್ಸಿಗೆ ಸೇರಿದ ಮೊದಲ ದಿನ ಸಂಜೆ ನೇರವಾಗಿ ಅಂಗಡಿಗೆ ಬಂದಿದ್ದಳು. ನಾವೆಲ್ಲ ಕೈ ನಿಲ್ಲಿಸಿ ಕಾಯುತ್ತಿದ್ದೆವು.

"ಎಲ್ಲಿ ಕೂತ್ಕೊಂಡೆ?" ಎಂದೆ.

"ಹಿಂದಿನ ಬೆಂಚಲ್ಲಿ."

"ಹೆಸರು ಕೇಳಿದ್ರಾ?" ಎಂದಳು ಅಂಟಿನಕ್ಕ.

"ಕೇಳಿದ್ರು. ಎದ್ದು ನಿಂತು ಹೇಳ್ದೆ. ಎಲ್ಲಾರೂ ನಕ್ಕುಬಿಟ್ರು."

"ಯಾಕಂತೆ? ನಗೋ ಹೆಸರೇನಲ್ವಲ್ಲ ನಿಂದು?"

"ಹೆಸರಿಗಲ್ಲ ಅಕ್ಕ. ಪಕ್ಕದ ಕ್ಲಾಸಿನ ಹುಡುಗಿ ಒಬ್ಬಳದ್ದೂ ಅದೇ ಹೆಸರಂತೆ. ಅವಳು ಅಲ್ಲಿಂದ ಎದ್ದು, ಯಾರೋ ಕರೆದ್ರು ಅಂತ ಬಾಗಿಲಿಗೆ ಬಂದು ನಿಂತಿದ್ಲು!"